ಐದು ಮೂಲೆಯ ಸಂದು

ಹರಿಹರದ ಒಂದು ಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತಿದ್ದೆ. ಒಂದೇ ಕಾಂಪೌಂಡು. ಈ ಕಡೆ ಪ್ರಾಥಮಿಕ ಶಾಲೆ, ಆ ಕಡೆ ಹೈಸ್ಕೂಲು, ನಡುವೆ ಮಕ್ಕಳು ಹತ್ತಿ ಕೂರುವಷ್ಟು ಎತ್ತರದ ಒಂದು ಗೋಡೆ. ಗಣಿತಕ್ಕೆ, ವಿಜ್ಞಾನಕ್ಕೆ ಎರಡೂ ಕಡೆ ಬೇರೆ ಬೇರೆ ಮೇಷ್ಟ್ರುಗಳಿದ್ದರು. ಚಿತ್ರಕಲೆಗೆ ಮಾತ್ರ ಎರಡೂ ಕಡೆಗೆ ನಾನೊಬ್ಬನೇ. ಹೀಗಾಗಿ ಗೋಡೆಯ ಎರಡೂ ಬದಿಯಲ್ಲಿ ನಡೆಯುವುದನ್ನು ಪ್ರತಿದಿನ ಕಾಣುವ ಅವಕಾಶ ನನ್ನದಾಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರಿಂದ ಕೇಳಿದ್ದು ಬಂದಾಗ ಕೇಳಿದ್ದು ಎಂದೇ ಹೇಳುತ್ತೇನೆ.

ಆರನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಪೇಟೆಯ ಕಿರಾಣಿ ಅಂಗಡಿಯವರ ಮನೆಯ ಮಗು. ಹಣೆಯಲ್ಲಿ ಸಣ್ಣ ವಿಭೂತಿಗೆರೆ, ಎರಡು ಬಿಗಿಯಾದ ಜಡೆ. ನನಗೆ ಅವಳು ಮೊದಲು ಪರಿಚಯವಾಗಿದ್ದು ಅವಳ ಕ್ಲಾಸ್ ಮೇಷ್ಟ್ರ ಹೊಗಳಿಕೆಯಿಂದ. "ಅರ್ಧ ಕ್ಲಾಸು ಆಕೀನೇ ನೋಡ್ಕಂತಾಳ್ರಿ" ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ಅದು ಉತ್ಪ್ರೇಕ್ಷೆಯಲ್ಲ. ಆ ತರಗತಿಯಲ್ಲಿ ಬೆಂಚಿಗೆ ಐವರಂತೆ ಒತ್ತಿ ಕೂತ ಮಕ್ಕಳು. ಮೇಷ್ಟ್ರು ಒಬ್ಬರೇ. ಲೆಕ್ಕ ಬಲ್ಲ ಮಗುವನ್ನು ಗುಂಪಿನ ಲೀಡರ್ ಮಾಡಿ, ಬಾರದ ಮಕ್ಕಳನ್ನು ಅದರ ಸುತ್ತ ಕೂರಿಸುವುದು ನಮ್ಮ ಕಡೆಯ ಶಾಲೆಗಳ ಹಳೆಯ ಪದ್ಧತಿ. ಅದು ಆ ಮಗುವಿಗೆ ಕೊಡುವ ಮರ್ಯಾದೆ ಎಂದೇ ಎಲ್ಲರ ನಂಬಿಕೆ. ಮೇಷ್ಟ್ರು ಒಳ್ಳೆಯವರು. ಕೋಲು ಹಿಡಿದವರಲ್ಲ. ಅವರೂ ಹಾಗೆಯೇ ನಂಬಿದ್ದರು.

ಚಿತ್ರಕಲೆಗೆ ಪರೀಕ್ಷೆಯಿರಲಿಲ್ಲ. ಆದ್ದರಿಂದ ನನ್ನ ಪೀರಿಯಡ್ಡಿನಲ್ಲಿ ಅವಳು ಯಾರಿಗೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ದಿನ ನಾನು ಬದಿ, ಮೂಲೆಗಳೆಲ್ಲ ಸಮನಾಗಿರುವಂತೆ ರಟ್ಟಿನಲ್ಲಿ ಕತ್ತರಿಸಿದ ಆಕಾರಗಳನ್ನು ಹಂಚಿದೆ. ಮೂರು ಮೂಲೆಯದು, ನಾಲ್ಕರದು, ಐದರದು, ಆರರದು. ಒಂದನ್ನು ಆರಿಸಿಕೊಂಡು, ನೆಲಕ್ಕೆ ಕಲ್ಲು ಹಾಸಿದಂತೆ, ಎಲ್ಲೂ ಸಂದು ಬಿಡದೆ ಹಾಳೆ ತುಂಬಿಸಬೇಕು. ಅಷ್ಟೇ ಕೆಲಸ. ಹೆಚ್ಚಿನವರು ಚೌಕ ತೆಗೆದುಕೊಂಡರು. ಜೇನುಗೂಡು ನೋಡಿದ್ದವರು ಆರು ಮೂಲೆಯದನ್ನು ತೆಗೆದುಕೊಂಡರು. ಆ ಹುಡುಗಿ ಐದು ಮೂಲೆಯದನ್ನು ತೆಗೆದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಹಾಳೆ ಹಿಡಿದು ನನ್ನ ಮೇಜಿಗೆ ಬಂದಳು.

"ಸರ್, ನಾಕು ಮೂಲೇದು ಕೂಡ್ತೈತೆ. ಆರು ಮೂಲೇದೂ ಕೂಡ್ತೈತೆ. ನಡುವಿನ ಐದು ಮೂಲೇದು ಯಾಕ ಕೂಡಂಗಿಲ್ಲ?"

ನಾನು ಹಾಳೆ ನೋಡಿದೆ. ಮೂರು ಆಕಾರಗಳು ಒಂದು ಬಿಂದುವಿನಲ್ಲಿ ಸೇರಿದ್ದವು. ನಾಲ್ಕನೆಯದು ಹಿಡಿಸದಷ್ಟು ಕಿರಿದಾದ ಒಂದು ಸಂದು ಉಳಿದಿತ್ತು.

"ಕತ್ತರಿಸುವಾಗ ಸೊಟ್ಟ ಆಗಿರಬೇಕು" ಎಂದೆ.

"ನಾನೂ ನೀವು ಕೊಟ್ಟಿದ್ದು ಸೊಟ್ಟ ಐತೆ ಅಂದ್ಕಂಡೆ, ಸಿಟ್ಟಾಗ್ಬ್ಯಾಡ್ರಿ ಸರ್. ಅದಕ್ಕ ನಾನೇ ಬ್ಯಾರೆ ಕತ್ತರಿಸ್ದೆ. ದೊಡ್ಡದೂ ಮಾಡ್ದೆ, ಸಣ್ಣದೂ ಮಾಡ್ದೆ. ಸಂದು ಮಾತ್ರ ಅಷ್ಟೇ ಉಳೀತೈತೆ. ಅಷ್ಟೇ ಅಗಲ ಬಾಯಿ ತಕ್ಕಂಡು ಕೂಡ್ತೈತೆ."

ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಅವಳು ಹಾಳೆಯನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಜಾಗಕ್ಕೆ ಹೋದಳು.

ಮರುದಿನ ಆ ತರಗತಿಯ ಕಿಟಕಿಯ ಪಕ್ಕ ಹಾದುಹೋಗುತ್ತಿದ್ದೆ. ಒಳಗೆ ಭಿನ್ನರಾಶಿ ನಡೆದಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಅರ್ಧಕ್ಕೆ ಕಾಲು ಕೂಡಿಸುವ ಲೆಕ್ಕ ಬರೆದು ಅವಳನ್ನು ಎಬ್ಬಿಸಿದರು.

"ಗೊತ್ತಿಲ್ರಿ ಸರ್" ಎಂದಳು.

"ನಿನ್ನೆ ಗೊತ್ತಿತ್ತಲ್ಲವ್ವ?"

"ಇವತ್ತು ಗೊತ್ತಿಲ್ರಿ."

ಮೇಷ್ಟ್ರು ಗದರಲಿಲ್ಲ. ಹುಷಾರಿಲ್ಲವೇನೋ ಎಂದು ಕೂರಿಸಿದರು. ಕೂರುವಾಗ ಅವಳ ಮುಖ ಕಿಟಕಿಯ ಕಡೆ ತಿರುಗಿತು, ನಾನು ಕಂಡೆ. ಮುಂದಿನ ಚಿತ್ರಕಲೆ ಪೀರಿಯಡ್ಡಿನಲ್ಲಿ ಅವಳ ಪಕ್ಕದ ಗೆಳತಿ ನಾನು ಕೇಳದೆಯೇ ಒದರಿಬಿಟ್ಟಳು: "ಆಕಿಗೆ ಎಲ್ಲಾ ಗೊತ್ತೈತ್ರಿ ಸರ್. ಗೊತ್ತು ಅಂದ್ರೆ ಗುಂಪಿಗೆ ಹೇಳಿಕೊಡಬೇಕಲ್ಲ, ಅದಕ್ಕ ಗೊತ್ತಿಲ್ಲ ಅಂತಾಳ. ಹಿಂಗ ಶುರು ಮಾಡಿ ಭಾಳ ದಿನ ಆತು."

ಆ ಹುಡುಗಿ ಇಲ್ಲ ಎನ್ನಲಿಲ್ಲ. ಗೆಳತಿಯ ಮೇಲೆ ಸಿಟ್ಟೂ ಆಗಲಿಲ್ಲ. ನನ್ನ ಮುಖ ನೋಡಿದಳು, ಯಾರಿಗೂ ಹೇಳಬೇಡಿ ಎನ್ನುವಂತೆ. ಹನ್ನೊಂದು ವರ್ಷದ ಮಗು ತನಗೆ ಬರುವುದನ್ನು ಕದ್ದ ಮಾಲಿನಂತೆ ಬಚ್ಚಿಟ್ಟುಕೊಂಡಿತ್ತು.

ಹೈಸ್ಕೂಲಿನ ಗಣಿತದ ಶಿಕ್ಷಕಿಯೂ ನನ್ನಂತೆ ದಾವಣಗೆರೆಯಿಂದ ಓಡಾಡುವವರು. ಐವತ್ತು ದಾಟಿದ ಹೆಂಗಸು. ಮನೆ ಎಂ.ಸಿ.ಸಿ. ಬಡಾವಣೆಯಲ್ಲಿ. ಬೆಳಿಗ್ಗೆ ಮೊಪೆಡ್ಡನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದರು. ಶಾಲೆಯಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ದನಿ ದೊಡ್ಡದು. ಸಿಟ್ಟು ಬಂದರೆ ಕೈಯಲ್ಲಿದ್ದ ಸೀಮೆಸುಣ್ಣ ತುಂಡಾಗುತ್ತಿತ್ತು. ಅವರ ಒಂದು ರೂಢಿ ಶಾಲೆಗೆಲ್ಲ ಗೊತ್ತು. ಸಂಜೆ ಹತ್ತನೇ ತರಗತಿಯಲ್ಲಿ ಗಣಿತ ಹತ್ತದ ಮಕ್ಕಳಿಗೆ ಅವರು ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಮುಗಿದ ಮೇಲೆ ಬಾಗಿಲಿಗೆ ಅಡ್ಡ ನಿಂತು ಪ್ರತಿಯೊಂದು ಮಗುವನ್ನೂ ಕೇಳುವರು: "ಇವತ್ತು ಹೊಸದಾಗಿ ಏನು ತಿಳೀತು? ಹೇಳಿ ಹೋಗು." ಹೇಳದವರನ್ನು ಬಿಡುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ವಾಪಸ್ ಕೂರಿಸಿ ಮತ್ತೊಂದು ಸಲ ಹೇಳುವರು, ಅಷ್ಟೇ. ಎಷ್ಟೋ ಸಲ ಇದರಿಂದ ಗಾಡಿ ತಪ್ಪಿಸಿಕೊಂಡು ಬಸ್ಸಿನಲ್ಲಿ ನಿಂತು ಹೋಗಿದ್ದೇವೆ.

ಗೆಳತಿ ಒದರಿದ ದಿನದ ಸಂಜೆ ಗಾಡಿಯಲ್ಲಿ ಅವರು ಕಾಗದದ ಪೊಟ್ಟಣದಿಂದ ಖಾರ ಮಂಡಕ್ಕಿ ತಿನ್ನುತ್ತಿದ್ದರು. ನಾನು ಐದು ಮೂಲೆಯ ಪ್ರಶ್ನೆಯನ್ನು ಅವರ ಮುಂದಿಟ್ಟೆ. ನನಗೆ ಬೇಕಿದ್ದದ್ದು ಉತ್ತರ ಮಾತ್ರ.

ಅವರ ಕೈ ಪೊಟ್ಟಣದಲ್ಲೇ ನಿಂತಿತು. "ದೊಡ್ಡದು ಮಾಡಿದ್ರೂ ಸಣ್ಣದು ಮಾಡಿದ್ರೂ ಸಂದು ಅಷ್ಟೇ ಉಳೀತೈತೆ. ಹಿಂಗ ಅಂದ್ಲಾ?"

"ಹೌದು ಅಕ್ಕೋರೆ."

"ಆಕೀನೇ ಅಂದ್ಲಾ, ನೀವು ಸೇರಿಸಿ ಹೇಳ್ತೀರಾ?"

"ನನಗೆ ಅಷ್ಟು ಬುದ್ಧಿ ಎಲ್ಲಿ ಬರಬೇಕು?"

"ಅದೂ ಖರೆ" ಎಂದು ಅವರು ನಕ್ಕರು. ಆಮೇಲೆ ನಾನು ಕಿಟಕಿಯಲ್ಲಿ ಕಂಡಿದ್ದನ್ನೂ ಗೆಳತಿ ಹೇಳಿದ್ದನ್ನೂ ಹೇಳಿದೆ. ನಗು ಹೋಯಿತು. ಪೊಟ್ಟಣ ಮಡಚಿ ಚೀಲಕ್ಕೆ ಹಾಕಿದರು, ದಾವಣಗೆರೆಯ ಹಳೆಯ ಹತ್ತಿ ಗಿರಣಿಯ ಚಿಮಣಿ ಕಾಣುತ್ತಿದ್ದಂತೆ ಬಾಗಿಲ ಕಡೆ ನಡೆದರು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ ಹೇಳಿದರು:

"ಮೇಷ್ಟ್ರೇ, ಮದುವೆ ಮನ್ಯಾಗ ಒಬ್ಬ ಹುಡುಗಿ ಚಲೋ ಬಡಿಸ್ತಾಳ ಅಂತ ಇಟ್ಕಳ್ರಿ. ಪಂಕ್ತಿ ಮ್ಯಾಲ ಪಂಕ್ತಿ ಆಕಿ ಕೈಯಾಗೇ ಬಡಿಸಿ, ಭೇಷ್ ಭೇಷ್ ಅಂದು, ಕಡೀಗೆ ಆಕಿಗೆ ಎಲೆ ಹಾಕೋದೇ ಮರೆತ್ರೆ? ಹಸಿದು ನಿಂತ ಕೂಸು ಏನು ಮಾಡ್ತೈತೆ? ನನಗೆ ಬಡಿಸಾಕ ಬರಂಗಿಲ್ಲ ಅಂತೈತೆ."

ಹಿಂದಿನಿಂದ ಇಳಿಯುವವರು ಜಾಗ ಬಿಡಿ ಎಂದು ಕೂಗುತ್ತಿದ್ದರು. ಅವರು ಪೂರ್ತಿ ಹೇಳಿ ಮುಗಿಸಿಯೇ ಇಳಿದರು.

ಮರುದಿನ ಊಟದ ಬಿಡುವಿನಲ್ಲಿ ಅಕ್ಕೋರು ಗೋಡೆಯ ಹತ್ತಿರ ಆ ಹುಡುಗಿಯನ್ನು ಮಾತಾಡಿಸಿದರು. ನಾನು ಪಕ್ಕದಲ್ಲಿದ್ದೆ. ಲೆಕ್ಕ ಕೇಳಲಿಲ್ಲ, ಮಗ್ಗಿ ಕೇಳಲಿಲ್ಲ. "ನಿನಗೇನು ಬೇಕವ್ವ?" ಎಂದು ಕೇಳಿದರು. ಶಾಲೆಯಲ್ಲಿ ಮಗುವನ್ನು ಯಾರಾದರೂ ಹಾಗೆ ಕೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹುಡುಗಿ ಉಗುರಿನಿಂದ ಗೋಡೆಯ ಗಾರೆ ಕೆರೆದಳು. ಆಮೇಲೆ ಹೇಳಿದಳು: "ಹೇಳಿಕೊಡಾಕ ನಂಗೆ ಬ್ಯಾಸರ ಇಲ್ರಿ. ನಂಗೂ ಯಾರಾದ್ರೂ ಹೇಳಿಕೊಡ್ಲಿ."

ಅಲ್ಲಿಂದ ಅಕ್ಕೋರು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದರು. ನನ್ನನ್ನು ಸಾಕ್ಷಿಗೆಂದು ಕರೆದುಕೊಂಡರು. ಕ್ಲಾಸ್ ಮೇಷ್ಟ್ರನ್ನೂ ಕರೆಸಿದರು. ಅವರ ಬೇಡಿಕೆ ಒಂದೇ: ಒಂಬತ್ತನೇ ತರಗತಿಯ ಗಣಿತದ ಪೀರಿಯಡ್ಡಿಗೆ ಆ ಹುಡುಗಿ ಗೋಡೆ ದಾಟಿ ಬಂದು ಕೂರಬೇಕು. ಉಳಿದೆಲ್ಲ ಪಾಠ ಅವಳ ತರಗತಿಯಲ್ಲೇ ಇರಲಿ.

ಹೆಡ್‌ಮಾಸ್ಟರು ಎರಡೂ ಕಡೆಗೆ ಒಬ್ಬರೇ. ಸೌಮ್ಯ ಮನುಷ್ಯ, ಇನ್‌ಸ್ಪೆಕ್ಷನ್ ಒಂದು ಬಿಟ್ಟು ಯಾವುದಕ್ಕೂ ಹೆದರದವರು. "ಸಾಹೇಬ್ರು ಬಂದು ಒಂಬತ್ತನೇ ಕ್ಲಾಸಿನಾಗ ಆರನೇ ಕ್ಲಾಸಿನ ಕೂಸು ಯಾಕ ಐತೆ ಅಂದ್ರೆ ನಾ ಏನು ಹೇಳ್ಲಿ ಅಕ್ಕೋರೆ?"

"ಕಲೀತೈತೆ ಅಂತ ಹೇಳ್ರಿ."

"ಅದಕ್ಕೆ ರೂಲ್ಸು ಬೇಕಲ್ರಿ."

ಕ್ಲಾಸ್ ಮೇಷ್ಟ್ರು ನಿಜವಾದ ಸಂಕಟದಿಂದಲೇ ಮಾತಾಡಿದರು. "ಆಕಿ ಎದ್ದು ಹೋದ್ರೆ ನನ್ನ ಗುಂಪು ಯಾರು ನೋಡ್ಕಬೇಕು? ಬಾರದ ಮಕ್ಕಳ ಕಡೆ ನೋಡ್ರಿ ಅಕ್ಕೋರೆ. ಜಾಣರು ಹೆಂಗಾದ್ರೂ ಕಲೀತಾರ."

"ಹೌದ್ರಿ, ಹೆಂಗಾದ್ರೂ ಕಲೀತಾರ" ಎಂದರು ಅಕ್ಕೋರು. "ಈಕಿ ಏನು ಕಲ್ತಾಳ ನೋಡಿದ್ರಾ? 'ಗೊತ್ತಿಲ್ಲ' ಅನ್ನಾದು ಕಲ್ತಾಳ. ನಾವು ಯಾರೂ ಕಲಿಸಿಲ್ಲ, ತಾನೇ ಕಲ್ತಾಳ. ಇನ್ನೊಂದು ವರ್ಷ ಬಿಡ್ರಿ, ಪಕ್ಕಾ ಆಗ್ತೈತೆ. ಆಮ್ಯಾಲ ಎಂಥಾ ಮೇಷ್ಟ್ರು ಬಂದ್ರೂ ಮರೆಸಾಕ ಆಗಂಗಿಲ್ಲ."

ಕ್ಲಾಸ್ ಮೇಷ್ಟ್ರು ಬೆಚ್ಚಿ ಅಕ್ಕೋರ ಕಡೆ ನೋಡಿದರು. ಅವರಿಗೆ ಅದು ಗೊತ್ತಿರಲಿಲ್ಲ. ಹುಷಾರಿಲ್ಲ ಎಂದೇ ತಿಳಿದಿದ್ದರು. ಅವರ ಮುಖ ಕಂದಿದ್ದನ್ನು ನೋಡಿ ಅಕ್ಕೋರು ದನಿ ತಗ್ಗಿಸಿದರು. "ನಿಮ್ಮ ತಪ್ಪು ಅಂತಲ್ರಿ ಸರ್. ಅಷ್ಟು ಮಕ್ಕಳನ್ನ ಒಬ್ರ ಕೈಯಾಗ ಕೊಟ್ಟೋರ ತಪ್ಪು. ಆದ್ರ ಆ ತಪ್ಪಿನ ದಂಡ ಆ ಕೂಸು ಯಾಕ ಕಟ್ಟಬೇಕು?"

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅವರ ಮುಖ ಬೆಳಗಿತು. ಒಂದು ದಾರಿ ಹೊಳೆದಿತ್ತು. ವಾರ್ಷಿಕೋತ್ಸವ ಹತ್ತಿರದಲ್ಲಿತ್ತು. ಆಡಳಿತ ಮಂಡಳಿಯವರೆಲ್ಲ ಬರುತ್ತಾರೆ. ಆ ದಿನ ಹುಡುಗಿಯನ್ನು ಸ್ಟೇಜ್ ಮೇಲೆ ನಿಲ್ಲಿಸಿ, ದೊಡ್ಡ ದೊಡ್ಡ ಗುಣಾಕಾರ ಕೊಟ್ಟು, ಬಾಯಿಲೆಕ್ಕದಲ್ಲಿ ಹೇಳಿಸೋಣ. ಮಂದಿ ಚಪ್ಪಾಳೆ ಹೊಡೆದರೆ ಮಂಡಳಿಯವರೇ ಕರೆದು ಅನುಮತಿ ಕೊಡುತ್ತಾರೆ. "ಪೇಪರ್‌ನೋರೂ ಬರ್ತಾರ್ರಿ" ಎಂದರು.

ನನಗೆ ಅದು ಒಳ್ಳೆಯ ಉಪಾಯ ಎನಿಸಿತು. ಕ್ಲಾಸ್ ಮೇಷ್ಟ್ರಿಗೂ ಅನಿಸಿತು. ಕೆಲಸ ಆದಂತೆಯೇ ಎಂದುಕೊಂಡು ನಾನು ಅಕ್ಕೋರ ಕಡೆ ನೋಡಿದೆ.

"ಬ್ಯಾಡ" ಎಂದರು ಅವರು.

"ಯಾಕ್ರಿ? ಅನುಮತಿ ಸಿಗ್ತೈತೆ."

"ಸಿಗ್ತೈತೆ. ನನಗೂ ಗೊತ್ತು. ಸರ್, ನನ್ನ ಸ್ಪೆಷಲ್ ಕ್ಲಾಸಿಗೆ ಹುಡುಗ್ರು ಬರ್ತಾವಲ್ಲ, ಅವರ್‍ನ ಸ್ಟೇಜ್ ಮ್ಯಾಲ ನಿಲ್ಲಿಸಿ, 'ನನಗೆ ಲೆಕ್ಕ ಬರಂಗಿಲ್ಲ' ಅಂತ ಹೇಳ್ಸಿ ಸೇರಿಸ್ಕಂತೀವಾ? ಇಲ್ಲಲ್ಲ. ಪಾಠ ಹತ್ತಲಿಲ್ಲ ಅಂತ ನಮಗ ತಿಳೀತು, ಕೂರಿಸ್ಕಂಡ್ವಿ. ಅದು ಅವರ ಹಕ್ಕು. ಈಕಿ ಮಾತ್ರ ಯಾಕ ಆಟ ತೋರಿಸಿ ತಗಬೇಕು? ತೋರಿಸಿದ್ರ ಮಂದಿ ಮುಂದಿನ ವರ್ಷ ಅದಕ್ಕಿಂತ ದೊಡ್ಡ ಆಟ ಕೇಳ್ತಾರ."

ಸಿಗುವುದು ಖಚಿತವಾಗಿದ್ದ ಅನುಮತಿಯನ್ನು ಅವರು ಅಷ್ಟು ಸಲೀಸಾಗಿ ತಳ್ಳಿದ್ದನ್ನು ಕಂಡು ನಾನು ದಿಗಿಲುಗೊಂಡಿದ್ದೆ. ಅದೇ ಹೊತ್ತಿಗೆ ಅಕ್ಕೋರ ಕಣ್ಣು ಗೋಡೆಯ ಮೇಲಿನ ವೇಳಾಪಟ್ಟಿಯ ಕಡೆ ಹೋಯಿತು. ತಾವಾಡಿದ ಮಾತನ್ನು ತಾವೇ ಇನ್ನೊಮ್ಮೆ ಕೇಳಿಸಿಕೊಂಡವರಂತೆ ನಿಧಾನವಾಗಿ ಕೇಳಿದರು:

"ಸರ್, ಸ್ಪೆಷಲ್ ಕ್ಲಾಸು ಯಾರಿಗೆ ಇರೋದು?"

"ಕ್ಲಾಸಿನ ಪಾಠ ಹೊಂದದ ಮಕ್ಕಳಿಗೆ."

"ಈಕಿಗೂ ಹೊಂದವಲ್ದು. ಸಂಜೆ ನನ್ನ ಸ್ಪೆಷಲ್ ಕ್ಲಾಸಿಗೆ ಕಳಸ್ರಿ. ಶಾಲೆ ಬಿಟ್ಟ ಮ್ಯಾಲ ಯಾವ ಇನ್‌ಸ್ಪೆಕ್ಟ್ರೂ ಬರಂಗಿಲ್ಲ. ಹಗಲ ಹೊತ್ತು ಆಕೀಗೆ ಗುಂಪು ಕೊಡೋದು ಬ್ಯಾಡ. ಅಷ್ಟು ಸಾಕು."

ಹೆಡ್‌ಮಾಸ್ಟರು ಇದಕ್ಕೆ ಒಪ್ಪಿದರು. ಕ್ಲಾಸ್ ಮೇಷ್ಟ್ರು ತಾವಾಗಿಯೇ, "ವಾರಕ್ಕೊಂದು ದಿನ ಮಾತ್ರ ಗುಂಪು ನೋಡ್ಲಿ, ಅದೂ ಆಕಿಗೆ ಮನಸ್ಸಿದ್ರೆ" ಎಂದರು. ಅಕ್ಕೋರು ಅದಕ್ಕೆ ಕೈ ಮುಗಿದರು.

ಹೀಗೆ ಆರನೇ ತರಗತಿಯ ಹುಡುಗಿ ಹತ್ತನೇ ತರಗತಿಯ ನಪಾಸಾಗುವ ಭಯದ ಮಕ್ಕಳ ನಡುವೆ ಕೂರತೊಡಗಿದಳು. ಮೊದಲ ಸಂಜೆಯೇ ಅಕ್ಕೋರು ಅವಳಿಗೆ ಕೋನಮಾಪಕ ಕೊಟ್ಟು ಒಂದು ಮೂಲೆಯಲ್ಲಿ ಬಿಟ್ಟರು. ಆರು ಮೂಲೆಯ ಆಕಾರದ ಮೂರು ಕೋನ ಸೇರಿದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ಐದು ಮೂಲೆಯದರ ಮೂರು ಕೋನ ಸೇರಿದರೆ ಸುತ್ತಿಗೆ ಸ್ವಲ್ಪ ಕಡಿಮೆ ಬೀಳುತ್ತದೆ, ಆ ಕಡಿಮೆಯೇ ಸಂದು. ಇದನ್ನು ಅವಳು ತಾನೇ ಕಂಡುಹಿಡಿದಳು ಎಂದು ಅಕ್ಕೋರು ಗಾಡಿಯಲ್ಲಿ ನನಗೆ ಹೇಳಿದರು. ನನಗೂ ಅವತ್ತೇ ತಿಳಿದದ್ದು.

ನಾವು ಯಾರೂ ಎಣಿಸದಿದ್ದ ಒಂದು ಸಂಗತಿ ಆಮೇಲೆ ನಡೆಯಿತು. ಸ್ಪೆಷಲ್ ಕ್ಲಾಸ್ ಎಂದರೆ ಊರಿನವರ ಬಾಯಲ್ಲಿ ದಡ್ಡರ ಕ್ಲಾಸು. ಕಿರಾಣಿ ಅಂಗಡಿಯವರ ಹುಡುಗಿ ಆ ಕ್ಲಾಸಿಗೆ ಹೋಗುತ್ತಾಳೆ ಎಂಬ ಸುದ್ದಿ ಪೇಟೆಯಲ್ಲಿ ಹಬ್ಬಿತು. ಒಂದು ಸಂಜೆ ಅವಳ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದರು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಜಗಳಕ್ಕೇ ಬಂದಿದ್ದಾರೆ ಎಂದು ಹೆಡ್‌ಮಾಸ್ಟರು ಎದ್ದು ನಿಂತರು. ಅಕ್ಕೋರೂ ನಾನೂ ಅಲ್ಲೇ ಇದ್ದೆವು.

"ಕೂಡ್ರಿ ಅಜ್ಜಿ" ಎಂದರು ಹೆಡ್‌ಮಾಸ್ಟರು.

ಅಜ್ಜಿ ಕೂರಲಿಲ್ಲ. "ಸ್ಪೆಷಲ್ ಕ್ಲಾಸಿನ ಅಕ್ಕೋರು ಯಾರು?"

"ನಾನೇ ಅಜ್ಜಿ."

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಅಕ್ಕೋರ ಮುಂದೆ ಹಿಡಿದರು. ಶೇಂಗಾ ಹೋಳಿಗೆ. "ತಗಾ ತಂಗೀ. ನಿನ್ನ ಕೈಗೆ ಪುಣ್ಯ ಬರ್ಲಿ. ನನ್ನ ಕೂಸನ್ನ ದಡ್ಡಿ ಅನ್ನಿಸಿದಿ."

ನಮಗೆ ಏನೂ ಅರ್ಥವಾಗಲಿಲ್ಲ. ಅಜ್ಜಿಯೇ ಬಿಡಿಸಿ ಹೇಳಿದರು. ಈ ಮಗು ಇನ್ನೂ ಅಂಬೆಗಾಲು ಬಿಟ್ಟು ನಡೆಯುವ ಕಾಲಕ್ಕೇ ಅಂಗಡಿಯ ಬೋರ್ಡು ಓದುತ್ತಿತ್ತು. ಗಿರಾಕಿಗಳು ಬೆರಗಾಗಿ ಗಲ್ಲ ಹಿಂಡುತ್ತಿದ್ದರು. ಅವತ್ತು ರಾತ್ರಿಯೇ ಜ್ವರ. ಬಾಯಿಲೆಕ್ಕ ಹೇಳಿದರೆ ಮರುದಿನ ವಾಂತಿ. ಪ್ರತಿ ಅಮಾವಾಸ್ಯೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ನಿವಾಳಿಸಿ ತಮ್ಮ ಕೈ ಸೋತಿದೆ. "ಈಗ ಪ್ಯಾಟ್ಯಾಗ ಅಂತಾರ, ಪಾಪ, ಅಂಗಡ್ಯೋರ ಹುಡುಗಿ ದಡ್ಡಿ ಆತಂತೆ, ದಡ್ಡರ ಕ್ಲಾಸಿಗೆ ಹಾಕ್ಯಾರಂತೆ ಅಂತ. ನಾನೂ ಹೂಂ ಅಂತೀನಿ. ಇನ್ನ ಯಾರ ಕಣ್ಣೂ ತಾಕಂಗಿಲ್ಲ."

ಹೆಡ್‌ಮಾಸ್ಟರು ಜೋರಾಗಿ ನಕ್ಕರು. ಹಗುರಾಗಿ ಒಂದು ಹೋಳಿಗೆ ಕೈಗೆತ್ತಿಕೊಂಡರು. ನಾನೂ ನಕ್ಕೆ. ಎಲ್ಲವೂ ತಾನಾಗಿ ಸರಿಹೋಗಿತ್ತು. ಅಜ್ಜಿಗೆ ಸಮಾಧಾನ, ಹುಡುಗಿಗೆ ಪಾಠ, ಶಾಲೆಗೆ ತಂಟೆಯಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಕ್ಕೋರು ನಗಲಿಲ್ಲ. ಹೋಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಅವರು ಅಜ್ಜಿಯನ್ನಲ್ಲ, ಅಜ್ಜಿಯ ಪಕ್ಕ ನೆಲ ನೋಡುತ್ತ ನಿಂತ ಹುಡುಗಿಯನ್ನು ನೋಡುತ್ತಿದ್ದರು. ಆ ಮುಖವನ್ನು ನಾನು ಮೊದಲೊಮ್ಮೆ ಕಂಡಿದ್ದೆ. ಯಾರಿಗೂ ಹೇಳಬೇಡಿ ಎಂದ ಮುಖ.

"ಅಜ್ಜಿ, ಇದು ದಡ್ಡರ ಕ್ಲಾಸಲ್ಲ" ಎಂದರು ಅಕ್ಕೋರು. "ನಿಮ್ಮ ಮೊಮ್ಮಗಳು ದಡ್ಡಿ ಅಂತ ನಾ ಕರಕಂಡಿಲ್ಲ. ಆಕಿ ಕ್ಲಾಸಿನ ಪಾಠ ಆಕಿಗೆ ಏನಕ್ಕೂ ಸಾಲಂಗಿಲ್ಲ. ಮುಂದಿಂದು ಕಲಿಸಾಕ ಕರಕಂಡೀನಿ. ನನ್ನ ಇಷ್ಟು ವರ್ಷದ ನೌಕರ್‍ಯಾಗ ಇಂಥಾ ಕೂಸನ್ನ ನಾ ಕಂಡಿಲ್ಲ."

ಹೆಡ್‌ಮಾಸ್ಟರ ಕೈಯಲ್ಲಿ ಹೋಳಿಗೆ ಹಾಗೇ ಉಳಿಯಿತು. ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದರು.

"ಬಾಯಿ ಬಿಟ್ಟು ಹಂಗ ಅನ್ನಬಾರದಿತ್ತು ತಂಗಿ. ನಾ ಖುಷಿಯಾಗಿ ಬಂದಿದ್ದೆ."

"ಈಕಿ ಕೇಳ್ತಾ ನಿಂತಾಳ ಅಜ್ಜಿ. ದಡ್ಡಿ ಅನ್ನಿಸಿಕೊಂಡ್ರೇ ಉಳೀತೀನಿ ಅಂತ ಈಕಿ ತಿಳಕೊಂಡ್ರೆ, ನಾನು ಕಲಿಸೋ ಲೆಕ್ಕ ತಗಂಡು ಏನು ಮಾಡ್ತಾಳ?"

"ಹಂಗಾರೆ ನಾಳಿಂದ ಬ್ಯಾಡ" ಎಂದರು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಕಲ್ತಿದ್ದು ಸಾಕು. ಕೂಸು ಉಳಿದ್ರೆ ಸಾಕು." ಮೊಮ್ಮಗಳ ಕೈ ಹಿಡಿದು ಬಾಗಿಲ ಕಡೆ ತಿರುಗಿದರು.

ಹುಡುಗಿ ತಿರುಗಲಿಲ್ಲ. ಅಜ್ಜಿ ಎಳೆದರೂ ನಿಂತಲ್ಲೇ ನಿಂತಳು. "ನಂಗ ಬೇಕು ಅಜ್ಜಿ" ಎಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ಅಜ್ಜಿ ಬಗ್ಗಿ ಏನಂದಿ ಎಂದು ಕೇಳಿದರು. ಆಗ ಗಟ್ಟಿಯಾಗಿ ಹೇಳಿದಳು: "ನಂಗ ಗೊತ್ತೈತಿ ಅಜ್ಜಿ. ಕ್ಲಾಸಿನಾಗ ಕೇಳಾದೆಲ್ಲ ಗೊತ್ತೈತಿ. ಗೊತ್ತಿಲ್ಲ ಅಂದೂ ಅಂದೂ ಸಾಕಾಗೈತಿ. ಸಂಜೀಕ ಹೇಳಾದು ಮಾತ್ರ ಹೊಸದು. ನಂಗ ಅದು ಬೇಕು."

ಹೊಳೆಯಾಚೆಗಿನ ಕಡೆಯಿಂದ ಕಾರ್ಖಾನೆಯ ಸೈರನ್ ಕೇಳಿಸಿತು. ಅಜ್ಜಿ ಮೊಮ್ಮಗಳ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ಅಕ್ಕೋರ ಕಡೆ ತಿರುಗಿ, ಅಂಗಡಿಯ ಮನೆತನದವರಿಗೆ ಒಪ್ಪುವ ದನಿಯಲ್ಲಿ ಚೌಕಾಸಿಗೆ ಇಳಿದರು.

"ಸ್ಟೇಜ್ ಮ್ಯಾಲ ಹತ್ತಿಸಬಾರ್ದು."

"ಹತ್ತಿಸಂಗಿಲ್ಲ. ಆಗ್ಲೇ ಬ್ಯಾಡ ಅಂದೀನಿ. ಹೆಡ್‌ಮಾಸ್ಟರ್‍ನ ಕೇಳ್ರಿ."

"ಹುಡುಗೀರ ಸಾಲಿನಾಗ ಕೂರಿಸ್ಬೇಕು."

"ನನ್ನ ಮೇಜಿನ ಪಕ್ಕಾನೇ ಕೂರಿಸ್ತೀನಿ."

"ಕೆನ್ನಿ ಮ್ಯಾಲ ಕಾಡಿಗಿ ಬೊಟ್ಟು ಇಟ್ಟು ಕಳಸ್ತೀನಿ. ಅಳಸಬಾರ್ದು. ನಗಬಾರ್ದು."

"ಇಡ್ರಿ ಅಜ್ಜಿ. ಎಷ್ಟು ದೊಡ್ಡದು ಬೇಕಾದ್ರೂ ಇಡ್ರಿ. ನಗೋ ಹುಡುಗ್ರಿಗೆ ನಾನೂ ಒಂದೊಂದು ಇಡ್ತೀನಿ."

ಅಜ್ಜಿ ಮುಚ್ಚಳ ತೆಗೆದರು. ಈ ಸಲ ಅಕ್ಕೋರು ಹೋಳಿಗೆ ತೆಗೆದುಕೊಂಡರು. ಮೊದಲ ತುಂಡನ್ನು ಮುರಿದು ಹುಡುಗಿಯ ಕೈಗಿಟ್ಟು, ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅವರು ಏನನ್ನು ಪಣಕ್ಕಿಟ್ಟಿದ್ದರು ಎಂಬುದು ಅವರಿಗೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಅಂಥ ಧೈರ್ಯವನ್ನು ನಾನು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಮರುದಿನ ಸಂಜೆ ಗಾಡಿಗೆ ಜೊತೆಯಾಗಿ ಹೋಗಲೆಂದು ನಾನು ಸ್ಪೆಷಲ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹುಡುಗಿ ಬಂದಳು. ಎಡಗೆನ್ನೆಯ ಮೇಲೆ ಹಳೆಯ ರೂಪಾಯಿ ಬಿಲ್ಲೆಯಷ್ಟು ಅಗಲದ ಕಪ್ಪು ಬೊಟ್ಟು. ಅಜ್ಜಿ ಮಾತಿನಂತೆ ನಡೆದಿದ್ದರು. ಹತ್ತನೇ ತರಗತಿಯ ಮೀಸೆ ಚಿಗುರಿದ ಹುಡುಗನೊಬ್ಬ ಅಕ್ಕೋರು ಬೋರ್ಡಿನ ಕಡೆ ತಿರುಗಿದ್ದನ್ನು ನೋಡಿ, "ಏನವ್ವ, ಫುಲ್‌ಸ್ಟಾಪ್ ಇಟ್ಕಂಡು ಬಂದೀಯಲ್ಲ" ಎಂದ.

"ಫುಲ್‌ಸ್ಟಾಪ್ ಅಲ್ಲಣ್ಣ, ದಶಮಾಂಶ" ಎಂದಳು. "ಇದರ ಮುಂದೂ ಲೆಕ್ಕ ಐತೆ."

ಇಡೀ ಕ್ಲಾಸು ನಕ್ಕಿತು. ಆ ಹುಡುಗನೂ ನಕ್ಕ. ಅಕ್ಕೋರು ತಿರುಗಲಿಲ್ಲ, ಅವರ ಬೆನ್ನು ಅಲುಗಿದ್ದನ್ನು ನಾನು ಕಂಡೆ.

ದೊಡ್ಡ ಮಕ್ಕಳಿಗೆ ಲೆಕ್ಕ ಕೊಟ್ಟು ಅಕ್ಕೋರು ಅವಳ ಹತ್ತಿರ ಬಂದರು. ನನ್ನಿಂದ ಕೇಳಿ ಪಡೆದಿದ್ದ ಐದು ಮೂಲೆಯ ರಟ್ಟುಗಳನ್ನು ಮೇಜಿನ ಮೇಲೆ ಹರಡಿದರು. ಮೂರನ್ನು ಒಂದಕ್ಕೊಂದು ಕೂಡಿಸಿಟ್ಟರು. ಅದೇ ಸಂದು ಬಾಯಿ ತೆರೆದು ಕೂತಿತು.

"ಮೇಜಿನ ಮ್ಯಾಲ ಇದು ಕೂಡಂಗಿಲ್ಲ, ಯಾಕ ಅಂತ ನಿನಗೆ ತಿಳಿದೈತೆ" ಎಂದರು. ಆಮೇಲೆ ಕೂಡಿದ ಅಂಚುಗಳಿಗೆ ಗೋಂದಿನ ಕಾಗದ ಅಂಟಿಸಿದರು. "ಈಗ ಇದನ್ನ ಮೇಜಿನಿಂದ ಎತ್ತು."

ಅವಳು ಎತ್ತಿದಳು. ರಟ್ಟುಗಳು ಬಗ್ಗಿದವು. ಬಿಟ್ಟಿದ್ದ ಎರಡು ಅಂಚುಗಳು ಒಂದರ ಹತ್ತಿರ ಒಂದು ಬಂದು ಸರಿಯಾಗಿ ಕೂಡಿದವು. ಅವಳ ಅಂಗೈಯಲ್ಲಿ ಒಂದು ಸಣ್ಣ ಬಟ್ಟಲಿನಂಥದ್ದು ಆಯಿತು. ಸಂದು ಇರಲಿಲ್ಲ.

ಅವಳು ಬಟ್ಟಲನ್ನು ತಿರುಗಿಸಿ, ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮೇಜಿನ ಮೇಲೆ ಉಳಿದ ರಟ್ಟುಗಳ ಕಡೆ ಕೈ ಚಾಚಿದಳು.

"ಹಿಂಗೇ ಸೇರಿಸ್ಕಂತಾ ಹೋದ್ರೆ ಇದು ಚೆಂಡಿನಂಗೆ ಪೂರ್ತಿ ಮುಚ್ಚತೈತಾ?" ಎಂದು ಅಕ್ಕೋರು ಕೇಳಿದರು. "ಮುಚ್ಚಿದ್ರೆ ಎಷ್ಟು ಬೇಕಾಗ್ತಾವ?"

ಹುಡುಗಿ ತಲೆಯೆತ್ತಿದಳು. ಕಾಡಿಗೆಯ ಬೊಟ್ಟು ಬೆವರಿಗೆ ಸ್ವಲ್ಪ ಹರಡಿತ್ತು. ಮುಖದ ತುಂಬ ನಗು.

"ಗೊತ್ತಿಲ್ರಿ ಅಕ್ಕೋರೆ" ಎಂದಳು.

ಅಕ್ಕೋರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ನಾನು ಗಡಿಯಾರ ನೋಡಿ ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಸನ್ನೆ ಮಾಡಿದರು. ಗಾಡಿ ಹೋಗಲಿ, ಬಸ್ಸಿಗೆ ಹೋದರಾಯಿತು.